ನಾಲ್ಕೂವರೆ ಗಂಟೆ

ನಮ್ಮ ತೆರಕಣಾಂಬಿಯ ಹಿರಿಯರಿಗೆ ದೂರವನ್ನು ಅಳೆಯಲು ಕಿಲೋಮೀಟರಿನ ಹಂಗಿರಲಿಲ್ಲ. ಹೊಲ ಕೂಗಳತೆಯಲ್ಲಿರುತ್ತಿತ್ತು, ನೆಂಟರ ಊರು ಎರಡು ಹರದಾರಿಯಾಗುತ್ತಿತ್ತು, ಹುಲುಗನಮುರಡಿ ಬೆಟ್ಟಕ್ಕೆ ಹೋಗುವವರು ಬಿಸಿಲೇರುವ ಮೊದಲೇ ಹೊರಡಬೇಕು ಎನ್ನುತ್ತಿದ್ದರು. ಭೂಗೋಳದ ಉಪಾಧ್ಯಾಯನಾಗಿದ್ದ ನನಗೆ ಈ ಅಳತೆಗಳನ್ನು ಕೇಳಿ ಒಳಗೊಳಗೇ ನಗು ಬರುತ್ತಿತ್ತು.

ಅಣ್ಣನ ಮಗನಿಗೆ ಸಿಂಗಪುರದಲ್ಲಿ ಕೆಲಸ ದೊರೆತಾಗ ಅತ್ತಿಗೆ ಕೇಳಿದ ಮೊದಲ ಪ್ರಶ್ನೆ, “ಅದು ಎಷ್ಟು ದೂರವಪ್ಪಾ?” ಎಂಬುದು. ನಾನು ಭೂಪಟವನ್ನು ಬಿಡಿಸಿ, “ಬೆಂಗಳೂರಿನಿಂದ ಸುಮಾರು 3,200 ಕಿಲೋಮೀಟರ್, ಅತ್ತಿಗೆ. ವಿಮಾನದಲ್ಲಿ ನಾಲ್ಕೂವರೆ ಗಂಟೆ. ನಾವು ಇಲ್ಲಿಂದ ಬಸ್ಸಿನಲ್ಲಿ ಬೆಂಗಳೂರು ಸೇರುವುದಕ್ಕೂ ಅಷ್ಟು ಹೊತ್ತು ಬೇಕಲ್ಲ!” ಎಂದೆ. ಅವರ ಮುಖ ಅರಳಿತು. ಮಗ ಬೆಂಗಳೂರಿನಷ್ಟೇ ಹತ್ತಿರದಲ್ಲಿದ್ದಾನೆಂದು ಅವರು ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದರು.

ಹುಡುಗ ಕೆಲಸದ ನಿಮಿತ್ತ ಆಗಾಗ ಸಿಂಗಪುರದಿಂದ ಕ್ವಾಲಾಲಂಪುರಕ್ಕೆ ಹೋಗುತ್ತಿದ್ದ. ಆಕಾಶಮಾರ್ಗದಲ್ಲಿ ಸುಮಾರು 300 ಕಿಲೋಮೀಟರ್. ಪ್ರಯಾಣ ಒಂದು ಗಂಟೆ. ಈ ಲೆಕ್ಕ ನನಗೆ ಸೋಜಿಗವೆನಿಸಿತು. ಇದೇ ವೇಗದಲ್ಲಿ ಬಂದರೆ ಬೆಂಗಳೂರಿಗೆ ಹತ್ತು ಗಂಟೆಗೂ ಮಿಕ್ಕಿ ಹಿಡಿಯಬೇಕಲ್ಲವೇ? ದಾರಿ ಚಿಕ್ಕದಿರಲಿ ದೊಡ್ಡದಿರಲಿ, ವಿಮಾನ ಮೇಲೇರಲೂ ಕೆಳಗಿಳಿಯಲೂ ಸಮಯ ಬೇಕು. ಗಂಟೆಗೆ 850 ಕಿಲೋಮೀಟರಿನಂತೆ ಸಾಗುವ ಅವಕಾಶ ಅದಕ್ಕೆ ದೂರದ ದಾರಿಯಲ್ಲಿ ಮಾತ್ರ ಧಾರಾಳವಾಗಿ ಸಿಗುತ್ತದೆ. ಇದನ್ನು ತರಗತಿಯಲ್ಲಿ ಉತ್ಸಾಹದಿಂದ ವಿವರಿಸಿದೆ. ಆದರೆ ಹುಡುಗ ಅದರೊಂದಿಗೆ ಇನ್ನೊಂದು ಮಾತನ್ನೂ ಹೇಳಿದ್ದ: ಮನೆ ಬಿಟ್ಟು ನಿಲ್ದಾಣ ಸೇರಿ, ತಪಾಸಣೆ ಮುಗಿಸಿ, ಕಾದು, ಇಳಿದು ಊರೊಳಗೆ ಹೋಗುವ ಹೊತ್ತಿಗೆ ಬಸ್ಸಿನಲ್ಲಿ ಹೋದವರೂ ಹೆಚ್ಚುಕಡಿಮೆ ತಲುಪಿರುತ್ತಾರೆ ಎಂದು. ಆ ಮಾತನ್ನು ನಾನು ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

2018ರ ಮಳೆಗಾಲದಲ್ಲಿ ಅಣ್ಣ ಹಾಸಿಗೆ ಹಿಡಿದ. ಒಂದು ಬೆಳಿಗ್ಗೆ ಎಂಟು ಗಂಟೆಗೆ ವೈದ್ಯರು ಮಗನನ್ನು ಕರೆಸಿಕೊಳ್ಳಿ ಎಂದರು. ಒಡನೆಯೇ ಫೋನು ಮಾಡಿದೆವು. “ಎಷ್ಟು ಹೊತ್ತಾಗುತ್ತದೆ?” ಎಂದು ಅಣ್ಣ ಕ್ಷೀಣವಾದ ಧ್ವನಿಯಲ್ಲಿ ಕೇಳಿದ. ಅಭ್ಯಾಸಬಲದಿಂದ ನನ್ನ ಬಾಯಿಗೆ ಬಂದುದು ಅದೇ ಉತ್ತರ: “ನಾಲ್ಕೂವರೆ ಗಂಟೆ.”

ಮಧ್ಯಾಹ್ನದಿಂದ ಅಣ್ಣ ಬಾಗಿಲಿನತ್ತಲೇ ನೋಡುತ್ತಿದ್ದ. ಅತ್ತಿಗೆ ಒಂದೂವರೆಗೆ ಮಗನಿಗೆಂದು ಎಲೆ ಹಾಕಿದರು. ಮೂರಕ್ಕೆ ಅದನ್ನು ಮಡಿಸಿಟ್ಟರು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಹುಡುಗನಿಗೆ ಸ್ಥಳ ಸಿಕ್ಕಿದ್ದು ರಾತ್ರಿಯ ವಿಮಾನದಲ್ಲಿ. ಅದು ದೇವನಹಳ್ಳಿಯ ಬಳಿ ಇಳಿದಾಗ ಹತ್ತು ಗಂಟೆ. ಅಲ್ಲಿಂದ ನಮ್ಮೂರಿಗೆ ಇನ್ನೂ ಸುಮಾರು 250 ಕಿಲೋಮೀಟರ್. ಮೈಸೂರಿನಲ್ಲಿ ನಸುಕಿನ ಬಸ್ಸಿಗಾಗಿ ಕಾದು, ಗುಂಡ್ಲುಪೇಟೆಯಲ್ಲಿಳಿದು, ಉಳಿದ ಹನ್ನೆರಡು ಕಿಲೋಮೀಟರನ್ನು ಹಾಲಿನ ವ್ಯಾನಿನಲ್ಲಿ ಕ್ರಮಿಸಿ ಅವನು ಮನೆ ಮುಟ್ಟಿದ. ಹೊರಟ ಕರೆಗೂ ಬಂದ ಹೆಜ್ಜೆಗೂ ನಡುವೆ ಇಪ್ಪತ್ಮೂರು ಗಂಟೆ ಕಳೆದಿದ್ದವು.

ಅಣ್ಣನ ಮಾತು ನಡುರಾತ್ರಿಯಲ್ಲೇ ನಿಂತಿತ್ತು. ಉಸಿರು ಇನ್ನೂ ಇತ್ತು. ಹುಡುಗ ಚೀಲವನ್ನೂ ಇಳಿಸದೆ ಹಾಸಿಗೆಯ ಪಕ್ಕ ಕುಳಿತು ತಂದೆಯ ಕೈ ಹಿಡಿದ. ಆ ಬೆರಳುಗಳು ನಿಧಾನವಾಗಿ ಅವನ ಮಣಿಕಟ್ಟನ್ನು ಹುಡುಕಿ ಸುತ್ತಿಕೊಂಡವು. ಅಲ್ಲಿದ್ದ ಗಡಿಯಾರ ಇನ್ನೂ ಸಿಂಗಪುರದ ಒಂಬತ್ತೂವರೆಯನ್ನು ತೋರಿಸುತ್ತಿತ್ತು. ನಮ್ಮ ಗೋಡೆಯ ಗಡಿಯಾರದಲ್ಲಿ ಆಗ ಬೆಳಗಿನ ಏಳು.