ರೆಪ್ಪೆಯಿಲ್ಲದವರ ಊರಿನಲ್ಲಿ

ಘಾಟಿ ಸುಬ್ರಹ್ಮಣ್ಯದಲ್ಲಿ ನಿಲ್ಲಿಸಿರುವ ನಾಗರಕಲ್ಲುಗಳನ್ನು ಎಣಿಸಲು ಹೊರಟವರು ಎಣಿಕೆ ಮುಗಿಸಿದ್ದನ್ನು ನಾನು ಕಂಡಿಲ್ಲ. ಮಕ್ಕಳಾಗಲೆಂದು ಹರಕೆ ಹೊತ್ತವರು, ಸರ್ಪದೋಷ ಕಳೆಯಲೆಂದು ಬಂದವರು ಪ್ರತಿಷ್ಠೆ ಮಾಡಿಸಿದ ಕಲ್ಲುಗಳು ಒಂದಕ್ಕೊಂದು ಒತ್ತರಿಸಿಕೊಂಡು, ಅರಿಶಿನ ಕುಂಕುಮ ಮೆತ್ತಿಕೊಂಡು ಸಾಲಾಗಿ ನಿಂತಿವೆ. ಭಕ್ತರು ಹೆಡೆ ನೋಡಿ ಕೈ ಮುಗಿಯುತ್ತಾರೆ. ನನ್ನಂಥ ನೈಟ್ ಶಿಫ್ಟಿನವನು ನೋಡುವುದು ಕಣ್ಣನ್ನು. ಹಾವಿಗೆ ರೆಪ್ಪೆಯಿಲ್ಲ. ಕಣ್ಣಿನ ಮೇಲೊಂದು ಪಾರದರ್ಶಕ ಪದರವಿದೆ. ಪೊರೆ ಬಿಡುವಾಗ ಅದೂ ಕಳಚಿಕೊಂಡು ಹೋಗುತ್ತದೆ. ನಿದ್ದೆ ಅದಕ್ಕೂ ಉಂಟು. ಆದರೆ ಮಲಗಿದೆಯೋ ಎದ್ದಿದೆಯೋ ಎಂದು ಮುಖ ನೋಡಿ ಹೇಳುವಂತಿಲ್ಲ. ಸೂಪರ್‌ವೈಸರ್ ಎದುರಿಗೆ ಇಂಥದೊಂದು ಸೌಲಭ್ಯ ಸಿಗುವುದಾದರೆ ನಾನೂ ಒಂದು ಕಲ್ಲು ಪ್ರತಿಷ್ಠೆ ಮಾಡಿಸಿಯೇನು.

ನಮ್ಮ ಸೀಮೆಯಲ್ಲಿ ಈಗ ರಾತ್ರಿ ಎದ್ದಿರುವವರಿಗೆ ಬರವಿಲ್ಲ. ಬಾಶೆಟ್ಟಿಹಳ್ಳಿಯ ಕಡೆ ಕಾರ್ಖಾನೆಗಳು ಬಂದವು, ದೊಡ್ಡಬಳ್ಳಾಪುರಕ್ಕೆ ಅಪರೆಲ್ ಪಾರ್ಕ್ ಬಂತು, 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಬಾಗಿಲು ತೆರೆಯಿತು. ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯುತ್ತಿದ್ದ ಹುಡುಗರು ಲಗೇಜ್ ಎತ್ತಲು, ಕ್ಯಾಬ್ ಓಡಿಸಲು, ಗೇಟು ಕಾಯಲು ಹೊರಟರು. ಊರು ದೀಪ ಆರಿಸುವ ಹೊತ್ತಿಗೆ ತೂಬಗೆರೆ ರಸ್ತೆಯಲ್ಲಿ ಕಂಪನಿ ಬಸ್ಸಿಗಾಗಿ ಕಾಯುವವರನ್ನು ನೋಡಬೇಕು: ತಲೆ ಬಾಚಿಕೊಂಡು, ಪೌಡರ್ ಹಾಕಿಕೊಂಡು, ಬೆಳಗಿನ ಜನರಂತೆಯೇ ಇರುತ್ತಾರೆ. ಇವರನ್ನೇ ಬೆಳಗ್ಗೆ ಬಸ್ಸಿಳಿಯುವಾಗ ನೋಡಿದರೆ ಗುರುತು ಹತ್ತುವುದು ಕಷ್ಟ.

ಹತ್ತು ಗಂಟೆಗೆ ಶಿಫ್ಟ್ ಶುರುವಾದಾಗ ಎಲ್ಲರೂ ಶೂರರೇ. ಹನ್ನೆರಡರವರೆಗೆ ಮಾತಿದೆ, ನಗುವಿದೆ, ಸಂಬಳದ ಲೆಕ್ಕವಿದೆ. ಕ್ಯಾಂಟೀನಿನ ರೈಸ್‌ಬಾತು ಮುಗಿದ ಮೇಲೂ ಒಂದು ಗಂಟೆ ಹೇಗೋ ಸಾಗುತ್ತದೆ. ಎರಡೂವರೆ ದಾಟಿತೆನ್ನಿ, ಆಕಳಿಕೆ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಮೂರಕ್ಕೆ ಮಂಪರು, ಮೂರೂವರೆಗೆ ಜೋಂಪು, ನಾಲ್ಕಕ್ಕೆ ಕಣ್ಣೊಳಗೆ ಮರಳು.

ಈ ಸೋಲಿಗೆ ದಾಖಲೆಯೂ ಸಿಗುತ್ತದೆ. ಗಂಟೆಗೊಮ್ಮೆ ಕಂಪ್ರೆಸರಿನ ಪ್ರೆಶರ್, ಎಣ್ಣೆಯ ಟೆಂಪರೇಚರ್ ನೋಡಿ ಲಾಗ್‌ಬುಕ್ಕಿನಲ್ಲಿ ಬರೆಯಬೇಕು. ಯಾರ ಪುಸ್ತಕ ತೆಗೆದರೂ ಚಿತ್ರ ಅದೇ. ಹನ್ನೊಂದರ ಸಾಲಿನಲ್ಲಿ ಅಂಕಿಗಳು ಚೌಕದೊಳಗೆ ದುಂಡಗೆ ಕೂತಿರುತ್ತವೆ. ಎರಡರ ಸಾಲಿನಲ್ಲಿ ಗೆರೆ ತಾಗುತ್ತವೆ. ನಾಲ್ಕರ ಸಾಲಿಗೆ ಬಂದರೆ ಏಳೋ ಒಂದೋ ತಿಳಿಯದು. ಕೊನೆಯ ಅಂಕಿಯಿಂದ ಪೆನ್ನು ಜಾರಿ ಪಕ್ಕದ ಚೌಕ ದಾಟಿ ಪುಟದ ಅಂಚಿನವರೆಗೆ ಗೆರೆ ಎಳೆದುಕೊಂಡು ಹೋಗಿರುತ್ತದೆ. ಆ ಗೆರೆಯಷ್ಟು ಉದ್ದದ ಹೊತ್ತು ಬರೆಯುವವನು ಇಲ್ಲಿರಲಿಲ್ಲ. ಆರು ಗಂಟೆಯ ಸಾಲಿನಲ್ಲಿ ಅಕ್ಷರ ಮತ್ತೆ ಸರಿಯಾಗಿದೆ. ನಿದ್ದೆ ಮಾಡಿ ಎದ್ದದ್ದರಿಂದಲ್ಲ, ಬೆಳಕಾದದ್ದರಿಂದ.

ಇದು ಮೈಗಳ್ಳತನವಲ್ಲ, ಮೈಯೊಳಗಿನ ಗಡಿಯಾರ. ಈ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುತ್ತದೆ ಎಂದು ಹಣ್ಣಿನ ನೊಣಗಳಲ್ಲಿ ಕಂಡುಹಿಡಿದದ್ದಕ್ಕೆ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬಾಶ್, ಮೈಕೆಲ್ ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಬೆಳಗಿನ ಜಾವ ನಾಲ್ಕರ ಸುಮಾರಿಗೆ ದೇಹದ ಶಾಖ ದಿನದಲ್ಲೇ ಅತಿ ಕೆಳಗಿಳಿದಿರುತ್ತದೆ. ಗಮನ, ನೆನಪು, ಕೈಯ ಚುರುಕು ಎಲ್ಲವೂ ಅದರ ಜೊತೆಗೇ ಇಳಿದಿರುತ್ತವೆ. ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದ ಅವಘಡ 1979ರ ಮಾರ್ಚ್ 28ರಂದು ಶುರುವಾದದ್ದು ಬೆಳಗಿನ ಜಾವ ನಾಲ್ಕಕ್ಕೆ. ಚೆರ್ನೋಬಿಲ್ ಸಿಡಿದದ್ದು ರಾತ್ರಿ 1 ಗಂಟೆ 23 ನಿಮಿಷಕ್ಕೆ. ಭೋಪಾಲದ ಅನಿಲ ಹೊರಬಿದ್ದದ್ದೂ ರಾತ್ರಿ ಪಾಳಿಯಲ್ಲೇ. ಇವಕ್ಕೆ ನಿದ್ದೆಯೊಂದೇ ಕಾರಣ ಎಂದರೆ ತಪ್ಪಾದೀತು. ಯಂತ್ರದ ದೋಷ, ಆಡಳಿತದ ಅಸಡ್ಡೆ ಎಲ್ಲ ಇದ್ದವು. ಆದರೆ ತಪ್ಪನ್ನು ಬೇಗ ಕಂಡುಹಿಡಿಯಬೇಕಾದ ಕಣ್ಣುಗಳು ಯಾವ ಹೊತ್ತಿನಲ್ಲಿ ಕೆಲಸ ಮಾಡುತ್ತಿದ್ದವು ಎಂಬುದನ್ನು ನಾಲ್ಕರ ಸಾಲಿನ ಅಕ್ಷರ ಕಂಡವರಿಗೆ ವಿವರಿಸಬೇಕಿಲ್ಲ.

ನಿದ್ದೆ ತಡೆಯಲು ನಮ್ಮಲ್ಲಿರುವ ಉಪಾಯಗಳನ್ನೆಲ್ಲ ಬರೆದರೆ ಒಂದು ವೈದ್ಯಗ್ರಂಥವಾದೀತು. ಮುಖಕ್ಕೆ ತಣ್ಣೀರು ಎರಚಿಕೊಳ್ಳುವುದು ಮೊದಲ ಪಾಠ; ಅದರ ಫಲ ಮುಖ ಒಣಗುವವರೆಗೆ. ಕಣ್ಣಿನ ಕೆಳಗೆ ಅಮೃತಾಂಜನ ಸವರಿಕೊಳ್ಳುವವರಿದ್ದಾರೆ. ಅವರು ಎಚ್ಚರವಾಗೇನೋ ಇರುತ್ತಾರೆ, ಆದರೆ ಕಣ್ಣೀರಿನಲ್ಲಿ ಮೀಟರ್ ಕಾಣುವುದಿಲ್ಲ. ಎಲೆ ಅಡಿಕೆಯವರದು ಒಂದು ಪಂಥ, ನಶ್ಯದವರದು ಇನ್ನೊಂದು. ಹುರಿದ ಕಡ್ಲೆಕಾಯಿಯವರೇ ಬುದ್ಧಿವಂತರು. ಸುಲಿಯುವ ಕೈಗೂ ಅಗಿಯುವ ಬಾಯಿಗೂ ಕೆಲಸ ಸಿಗುತ್ತದೆ. ಮುದ್ದೆಯ ವಿಚಾರದಲ್ಲಿ ಮಾತ್ರ ಒಮ್ಮತವಿಲ್ಲ. ಮುದ್ದೆ ಉಂಡು ಬಂದರೆ ಹಸಿವು ಸುಳಿಯುವುದಿಲ್ಲ ಎನ್ನುವವರ ಮಾತೂ ನಿಜ. ಸೊಪ್ಪಿನ ಸಾರಿನಲ್ಲಿ ಎರಡು ಮುದ್ದೆ ಇಳಿಸಿ ಬಂದವನು ಒಂದು ಗಂಟೆಗೇ ಗೋಡೆ ಹುಡುಕುತ್ತಾನೆ ಎನ್ನುವವರ ಮಾತೂ ನಿಜ.

ಕಾಫಿ ಎಲ್ಲಕ್ಕಿಂತ ದೊಡ್ಡ ದೈವ. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ರಾಸಾಯನಿಕ ಸೇರುತ್ತಾ ಹೋಗುತ್ತದೆ. ಅದು ಹೆಚ್ಚಿದಂತೆ ಕಣ್ಣು ಎಳೆಯುತ್ತದೆ. ಕೆಫೀನು ಅದು ಕೂರಬೇಕಾದ ಜಾಗದಲ್ಲಿ ತಾನು ಹೋಗಿ ಕೂರುತ್ತದೆ, ಬಸ್ ಸೀಟಿಗೆ ಟವೆಲ್ ಹಾಕಿದಂತೆ. ಅಡಿನೋಸಿನ್ ಎಲ್ಲಿಗೂ ಹೋಗಿರುವುದಿಲ್ಲ, ಫುಟ್‌ಬೋರ್ಡಿನಲ್ಲಿ ನಿಂತೇ ಇರುತ್ತದೆ. ಟವೆಲ್ ಎತ್ತಿದೊಡನೆ ನುಗ್ಗುತ್ತದೆ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು. ನಾಲ್ಕಕ್ಕೆ ಕುಡಿದದ್ದು ಒಂಬತ್ತಕ್ಕೆ ಹಾಸಿಗೆಯಲ್ಲಿ ಲೆಕ್ಕ ಕೇಳುತ್ತದೆ.

ಹಾಸಿಗೆಯ ಕಥೆ ಬೇರೆಯೇ ಇದೆ. ಹಗಲು ನಿದ್ದೆಗೆ ನಮ್ಮ ಹಳ್ಳಿಗಳಲ್ಲಿ ಮರ್ಯಾದೆಯಿಲ್ಲ. ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದರೆ ಮೈಯ ಗಡಿಯಾರ ಹಗಲಾಯಿತೆಂದು ನಂಬಿಬಿಡುತ್ತದೆ, ಮನೆ ಸೇರುವವರೆಗೆ ಕಪ್ಪು ಕನ್ನಡಕ ಹಾಕಿ ಎಂದು ತಿಳಿದವರು ಹೇಳುತ್ತಾರೆ. ಹಾಕಿಕೊಂಡು ಬಸ್ಸಿಳಿದರೆ ಮಾಕಳಿದುರ್ಗದ ಮೇಲೆ ಇನ್ನೂ ಮಂಜು ಕರಗಿರುವುದಿಲ್ಲ, ಅರಳಿಕಟ್ಟೆಯಿಂದ ಮಾತು ಬರುತ್ತದೆ: "ಏನ್ ಹೀರೋ, ಶೂಟಿಂಗ್ ಮುಗೀತಾ?" ಕಿಟಕಿಗೆ ಕಂಬಳಿ ಕಟ್ಟಿ ಮಲಗಿದರೆ ಹಳೇ ಕಬ್ಬಿಣ, ಹಳೇ ಪ್ಲಾಸ್ಟಿಕ್ಕಿನ ಗಾಡಿ ಬರುತ್ತದೆ. ಅದು ಹೋದರೆ ಮದುವೆ ಪತ್ರಿಕೆ ಹಿಡಿದ ನೆಂಟರು. "ಯಾಕಣ್ಣ ಇಷ್ಟೊತ್ತಲ್ಲಿ ಮಲ್ಗಿದ್ದೀಯ, ಮೈಗೆ ಹುಷಾರಿಲ್ವಾ?" ಹುಷಾರಿದ್ದೇನೆ ಎಂದು ಎದ್ದು ಕೂತು ಸಾಬೀತು ಮಾಡಬೇಕು.

ಪುರಾಣದ ಮುಚುಕುಂದ ರಾಜ ನಮ್ಮ ಪೈಕಿಯವನು. ದೇವತೆಗಳ ಪರವಾಗಿ ಯುಗಗಟ್ಟಲೆ ಬಿಡುವಿಲ್ಲದೆ ಕಾವಲು ನಿಂತು ಕಾದಾಡಿದ. ಕೊನೆಗೆ ವರ ಕೇಳು ಎಂದಾಗ ರಾಜ್ಯ ಕೇಳಲಿಲ್ಲ, ಆಯುಸ್ಸು ಕೇಳಲಿಲ್ಲ. ನಿದ್ದೆ ಕೇಳಿದ. ಅದಕ್ಕೊಂದು ಷರತ್ತೂ ಸೇರಿತು: ಎಬ್ಬಿಸಿದವನು ಸುಟ್ಟು ಬೂದಿಯಾಗಬೇಕು. ಚಿಕ್ಕಂದಿನಲ್ಲಿ ಕಥೆ ಕೇಳಿದಾಗ ಈ ಷರತ್ತು ಕ್ರೂರವೆನಿಸುತ್ತಿತ್ತು. ಹಳೇ ಕಬ್ಬಿಣದ ಗಾಡಿಯ ಧ್ವನಿವರ್ಧಕ ಕೇಳಿದ ಮೇಲೆ ಅದರ ನ್ಯಾಯ ಕಾಣತೊಡಗಿತು.

ನಮ್ಮ ದಿನ ಊರಿನ ದಿನವಲ್ಲ ಎಂಬುದನ್ನು ಕಾನೂನು ಮಾತ್ರ ಒಪ್ಪಿಕೊಂಡಿದೆ. ಮಧ್ಯರಾತ್ರಿ ದಾಟುವ ಪಾಳಿಯವನಿಗೆ ದಿನ ಬದಲಾಗುವುದು ಹನ್ನೆರಡು ಗಂಟೆಗಲ್ಲ, ಪಾಳಿ ಮುಗಿದಾಗ ಎಂದು 1948ರ ಕಾರ್ಖಾನೆಗಳ ಕಾಯಿದೆಯ 57ನೇ ಕಲಂ ಹೇಳಿತ್ತು. ಹನ್ನೆರಡರ ನಂತರ ದುಡಿದದ್ದೂ ಹಿಂದಿನ ದಿನದ ಲೆಕ್ಕಕ್ಕೇ ಸೇರುತ್ತದೆ. ಗೋಡೆಯ ಕ್ಯಾಲೆಂಡರ್ ಬುಧವಾರ ಎಂದರೂ ನಾವು ಬೆಳಗಾಗುವವರೆಗೆ ಮಂಗಳವಾರದಲ್ಲೇ ಇರುತ್ತೇವೆ. ಇದೇ ಕಾಯಿದೆ ಹೆಂಗಸರನ್ನು ರಾತ್ರಿ ಕಾರ್ಖಾನೆಯಲ್ಲಿ ದುಡಿಸಬಾರದು ಎಂದು ಬಹುಕಾಲ ತಡೆದಿತ್ತು. ಆದರೆ ರೇಷ್ಮೆಹುಳ ಸಾಕುವ ಮನೆಗಳ ಹೆಂಗಸರು ಯಾವ ಕಾಲದಿಂದಲೋ ರಾತ್ರಿ ಪಾಳಿಯಲ್ಲೇ ಇದ್ದಾರೆ. ಅವರಿಗೆ ಪಂಚಿಂಗ್ ಕಾರ್ಡ್ ಇಲ್ಲ, ಅಷ್ಟೇ.

ವಿಜಯಪುರ, ಶಿಡ್ಲಘಟ್ಟದ ಕಡೆ ಹುಳದ ಮನೆ ಕಂಡವರಿಗೆ ಗೊತ್ತು. ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದ ಮೇಲೆ ಹುಳಕ್ಕೆ ಬರುವ ಹಸಿವು ಹಸಿವಲ್ಲ, ದಾಳಿ. ಹುಟ್ಟಿದಂದಿನಿಂದ ಗೂಡು ಕಟ್ಟುವವರೆಗೆ ತಿನ್ನುವ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟನ್ನು ಈ ಕೊನೆಯ ಒಂದು ವಾರದಲ್ಲೇ ತಿನ್ನುತ್ತದೆ. ರಾತ್ರಿ ಸೊಪ್ಪು ಹಾಕದೆ ಮಲಗುವಂತಿಲ್ಲ. ಹಣ್ಣಾದ ಹುಳುಗಳನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ದಿನ ಬಂದರಂತೂ ಅತ್ತೆ, ಸೊಸೆ, ಶಾಲೆಗೆ ಹೋಗುವ ಮಗು, ಪಕ್ಕದ ಮನೆಯವರು ಎಲ್ಲರೂ ತಟ್ಟೆಗಳ ಮುಂದೆ ಕೂರುತ್ತಾರೆ. ನಡುರಾತ್ರಿ ಟೀ ಕಾಯುತ್ತದೆ, ಊರಿನ ಸುದ್ದಿಯೆಲ್ಲ ಹೊರಬರುತ್ತದೆ. ಅಲ್ಲಿ ಯಾರೂ ಕಣ್ಣಿನ ಕೆಳಗೆ ಅಮೃತಾಂಜನ ಸವರಿಕೊಂಡದ್ದನ್ನು ನಾನು ನೋಡಿಲ್ಲ. ಕೈಗೆ ಕೆಲಸ, ಕಿವಿಗೆ ಮಾತು, ಕಣ್ಣೆದುರು ಹಸಿದ ಜೀವ ಇದ್ದಾಗ ನಿದ್ದೆ ಬಾಗಿಲಲ್ಲಿ ಕಾಯುತ್ತದೆ.

ದೊಡ್ಡಬಳ್ಳಾಪುರದ ನೇಕಾರರ ಮನೆಗಳದು ಇನ್ನೊಂದು ಬಗೆ. ವಿದ್ಯುತ್ ಮಗ್ಗಗಳ ಸದ್ದಿಗೆ ಹೊಸಬರ ಎದೆ ನಡುಗುತ್ತದೆ. ಆ ಮನೆಯ ಮಗು ಮಗ್ಗದ ಪಕ್ಕದ ಕೋಣೆಯಲ್ಲೇ ಸೊಗಸಾಗಿ ಮಲಗಿರುತ್ತದೆ. ಎಳೆ ಕಿತ್ತು ಮಗ್ಗ ನಿಂತಿತೋ, ಥಟ್ಟನೆ ಕಣ್ಣು ಬಿಡುತ್ತದೆ. ಅವರಿಗೆ ಗದ್ದಲವೇ ಜೋಗುಳ, ಮೌನವೇ ಅಲಾರಾಂ. ಕಾರ್ಖಾನೆಯಲ್ಲಿ ನಮ್ಮ ಪಾಲಿಗೆ ಬಂದಿರುವುದು ಇದರ ಅರ್ಧ ಭಾಗ ಮಾತ್ರ. ಒಂದೇ ಸಮನಾದ ಗುಂಯ್‌ಗುಡುವ ಸದ್ದು ಮಲಗಿಸುತ್ತದೆ. ಯಂತ್ರ ಹೊಸದಾದ್ದರಿಂದ ನಿಲ್ಲುವುದೇ ಇಲ್ಲ, ಎಬ್ಬಿಸುವವರಿಲ್ಲ. ಈಗಿನ ಯಂತ್ರಕ್ಕೆ ನನ್ನ ಕೈ ಬೇಡ, ಬುದ್ಧಿಯೂ ಹೆಚ್ಚು ಬೇಡ. ಏನೂ ಆಗದಿರುವುದನ್ನು ನೋಡುತ್ತಾ ಒಬ್ಬ ಕೂತಿರಬೇಕು. ಏನೂ ಆಗದಿರುವುದನ್ನು ಬೆಳಗಿನ ಜಾವ ನಾಲ್ಕು ಗಂಟೆಗೆ ನೋಡುವುದು ಮುಚುಕುಂದನಿಗೂ ಕಷ್ಟವಾಗುತ್ತಿತ್ತು. ಅವನ ಎದುರಿಗೆ ರಾಕ್ಷಸರಾದರೂ ಇದ್ದರು.

ರೈಲ್ವೆಯವರು ಇದನ್ನು ಬೇಗ ಅರ್ಥ ಮಾಡಿಕೊಂಡಿದ್ದಾರೆ. ನಡುರಾತ್ರಿ ಮಾಕಳಿದುರ್ಗದ ಬೆಟ್ಟ ಬಳಸಿ ಗೂಡ್ಸ್ ಗಾಡಿ ಹೋಗುತ್ತದಲ್ಲ, ಅಂಥ ಎಂಜಿನ್ನುಗಳಲ್ಲಿ ಒಂದು ಸಾಧನವಿರುತ್ತದೆ. ಚಾಲಕ ಒಂದು ನಿಮಿಷ ಯಾವ ಹಿಡಿಕೆಯನ್ನೂ, ಗುಂಡಿಯನ್ನೂ ಮುಟ್ಟದಿದ್ದರೆ ದೀಪ ಮಿನುಗುತ್ತದೆ. ಆಮೇಲೆ ಬಜರ್ ಕೂಗುತ್ತದೆ. ಅದಕ್ಕೂ ಉತ್ತರ ಬರದಿದ್ದರೆ ಬ್ರೇಕ್ ತಾನಾಗಿ ಬೀಳುತ್ತದೆ. ಜೊತೆಗೆ ಪಕ್ಕದಲ್ಲಿ ಸಹಾಯಕ ಚಾಲಕನೂ ಇರುತ್ತಾನೆ. ಮನುಷ್ಯನ ಛಲದ ಮೇಲೆ ಭಾರ ಹಾಕಿ ಕೈ ತೊಳೆದುಕೊಳ್ಳದ ವ್ಯವಸ್ಥೆ ಅದು. ನಮ್ಮ ಕಡೆಯ ಶಿಫ್ಟುಗಳಲ್ಲಿ ಮಾತ್ರ ತೂಕಡಿಕೆ ಇನ್ನೂ ನಡತೆಯ ಪ್ರಶ್ನೆ. ಸಿಕ್ಕಿಬಿದ್ದವನಿಗೆ ಮೆಮೊ, ಸಿಕ್ಕಿಬೀಳದವನಿಗೆ ಭೇಷ್. ರಾತ್ರಿ ಪಾಳಿಯಿಂದ ಕ್ಯಾನ್ಸರ್ ಬರುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿ ಹೇಳಿ, 2019ರಲ್ಲಿ ಅದನ್ನೇ ಮತ್ತೆ ಖಚಿತಪಡಿಸಿತು. ಅದಕ್ಕೆ ಯಾವ ಮೆಮೊ ಕೊಡುವುದು?

ಕಾವಲಿನ ವಿಚಾರದಲ್ಲಿ ಘಾಟಿಯ ಸ್ಥಳಪುರಾಣವೂ ಒಂದು ಮಾತು ಹೇಳುತ್ತದೆ. ಗರುಡನ ಭಯದಿಂದ ನಾಗಕುಲವನ್ನು ಕಾಯಲು ದೇವರು ಇಲ್ಲಿ ನೆಲೆಸಿದನಂತೆ. ಒಬ್ಬನೇ ಅಲ್ಲ. ಒಂದೇ ಶಿಲೆಯಲ್ಲಿ ಪೂರ್ವಕ್ಕೆ ಮುಖ ಮಾಡಿ ಸುಬ್ರಹ್ಮಣ್ಯ, ಪಶ್ಚಿಮಕ್ಕೆ ಮುಖ ಮಾಡಿ ಲಕ್ಷ್ಮೀನರಸಿಂಹ. ಹಿಂದಿನ ಮುಖ ಭಕ್ತರಿಗೆ ಕಾಣಲೆಂದು ಕನ್ನಡಿ ಇಟ್ಟಿದ್ದಾರೆ. ದೇವರೂ ಒಬ್ಬನೇ ಡ್ಯೂಟಿ ಮಾಡಲು ಒಪ್ಪಿಲ್ಲ ಎಂದೇ ನಾನು ಅದನ್ನು ಓದಿಕೊಳ್ಳುತ್ತೇನೆ.

ಪುಷ್ಯ ಮಾಸದ ರಥೋತ್ಸವಕ್ಕೆ ಮುಂಚೆ ಇಲ್ಲಿ ದನಗಳ ಜಾತ್ರೆ ಕೂಡುತ್ತದೆ. ಚಳಿಯೆಂದರೆ ಹಲ್ಲು ಕಟಕಟ ಎನ್ನುವ ಕಾಲ. ಹಳ್ಳಿಕಾರ್ ಹೋರಿಗಳಿಗೆ ಪೆಂಡಾಲು, ಹುರುಳಿ, ಕೊರಳಿಗೆ ಹಾರ. ಯಜಮಾನನಿಗೆ ರಾಗಿ ಹುಲ್ಲಿನ ಮೇಲೊಂದು ಕಂಬಳಿ. ಹಗಲೆಲ್ಲ ದಲ್ಲಾಳಿಗಳ ಜೊತೆ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ, ಹಲ್ಲು ನೋಡುವವರಿಗೆ ಬಾಯಿ ಬಿಡಿಸಿ ತೋರಿಸುವ ಕೆಲಸ. ರಾತ್ರಿ ಹಗ್ಗ ತೊಡರದಂತೆ, ಕಳ್ಳರು ಸುಳಿಯದಂತೆ ಕಾಯಬೇಕು. ಆದರೆ ಯಾರೂ ಇಡೀ ರಾತ್ರಿ ಕಾಯುವುದಿಲ್ಲ. "ನೀನೊಂದು ನಿದ್ದೆ ತೆಗಿ, ಕೋಳಿ ಕೂಗೋ ಹೊತ್ಗೆ ಎಬ್ಬಿಸ್ತೀನಿ" ಎಂದು ಅಪ್ಪ ಮಗನಿಗೆ ಹೇಳುತ್ತಾನೆ. ಆಮೇಲೆ ಮಗ ಬೆಂಕಿಗೆ ಪುರಲೆ ಹಾಕುತ್ತಾ ಕೂರುತ್ತಾನೆ, ಅಪ್ಪ ಗೊರಕೆ ಹೊಡೆಯುತ್ತಾನೆ. ಅಮೆರಿಕದ ನಾಸಾ ಸಂಸ್ಥೆ ದೂರ ಪ್ರಯಾಣದ ಪೈಲಟ್‌ಗಳ ಮೇಲೆ ಇದನ್ನೇ ಪರೀಕ್ಷಿಸಿ ನೋಡಿತು. ಉಳಿದವರು ವಿಮಾನ ನೋಡಿಕೊಳ್ಳುವಾಗ ಒಬ್ಬರು ಸೀಟಿನಲ್ಲೇ ಸರಾಸರಿ 26 ನಿಮಿಷ ಮಲಗಿ ಎದ್ದರೆ ಆಮೇಲಿನ ಎಚ್ಚರ ಎಷ್ಟೋ ಮೇಲು ಎಂದು ಕಂಡುಕೊಂಡಿತು. ಘಾಟಿಯ ಜಾತ್ರೆಗೆ ಬಂದಿದ್ದರೆ ಅವರಿಗೆ ಖರ್ಚು ಉಳಿಯುತ್ತಿತ್ತು.

ಕೆಲವು ಲಕ್ಷ ಬೆಲೆಯ ಜೋಡಿ ಹೋರಿಗೆ ಇಬ್ಬರು ಕಾವಲು, ಅದರಲ್ಲೂ ಸರದಿ. ಕೋಟಿ ಬೆಲೆಯ ಯಂತ್ರಕ್ಕೆ ಒಬ್ಬ, ಅವನ ಮೇಲೊಂದು ಕ್ಯಾಮೆರಾ. ಅರ್ಧ ಗಂಟೆಯ ಒಂದು ಮಂಚ, ಎಬ್ಬಿಸಲು ಇನ್ನೊಬ್ಬ ಮನುಷ್ಯ: ನಮ್ಮ ಬೇಡಿಕೆಪಟ್ಟಿಯಲ್ಲಿ ಇಷ್ಟನ್ನು ಸೇರಿಸಿದರೆ ಮೇಜಿನ ಆಚೆ ಕೂತವರು ನಗುತ್ತಾರೆ. ನಗಲಿ. ಈ ಸಲ ಜಾತ್ರೆಗೆ ಅವರನ್ನು ಕರೆದುಕೊಂಡು ಹೋಗಿ, ಹೋರಿ ಕಾಯುವ ಯಾವ ರೈತನ ಪಕ್ಕದಲ್ಲಾದರೂ ಕೂರಿಸಬೇಕೆಂದಿದ್ದೇನೆ. ಲಾಭ ನಷ್ಟದ ಲೆಕ್ಕ ಅವನಿಗೆ ಚೆನ್ನಾಗಿ ಬರುತ್ತದೆ.