ಬೆಟ್ಟದ ಮೌನಕ್ಕೊಂದು ಬೇಲಿ

ಗಿರಿಧಾಮಕ್ಕೆ ಹೋಗುವವರಲ್ಲಿ ಎರಡು ಪಂಗಡ. ಒಂದು ಪಂಗಡಕ್ಕೆ ನೋಡುವುದು ಮುಖ್ಯ: ಸೂರ್ಯೋದಯದ ಪಾಯಿಂಟ್, ಸೂರ್ಯಾಸ್ತದ ಪಾಯಿಂಟ್, ನಡುವೆ ಒಂದು ಕುದುರೆ ಸವಾರಿ, ಸಂಜೆ ಮಾಲ್ ರೋಡಿನಲ್ಲಿ ಸ್ವೆಟರಿಗೆ ಚೌಕಾಸಿ. ಅವರ ಮೇಲೆ ನನಗೆ ತಕರಾರಿಲ್ಲ. ಕೊಟ್ಟ ದುಡ್ಡಿಗೆ ಮೋಸವಾಗದ ಹಾಗೆ ಊರು ನೋಡಿ ಬರುತ್ತಾರೆ. ಇನ್ನೊಂದು ಪಂಗಡಕ್ಕೆ ಬೆಟ್ಟವೆಂದರೆ ಸುಮ್ಮನಿರುವುದಕ್ಕೆ ಸಿಕ್ಕ ಜಾಗ. ಬೆಳಿಗ್ಗೆ ಎದ್ದು ರಸ್ತೆಯ ಮೂರನೇ ತಿರುವಿನ ತನಕ ನಡೆಯುವುದು, ಅಲ್ಲಿನ ಮೋಟುಗೋಡೆಯ ಮೇಲೆ ಕೂರುವುದು, ಮಂಜು ಕಣಿವೆಯಿಂದ ಏಳುವುದನ್ನು ಕಾಯುವುದು, ಏಳದಿದ್ದರೆ ವಾಪಸು ಬಂದು ಚಹಾ ಕುಡಿಯುವುದು. ಇದನ್ನೂ ಹವ್ಯಾಸ ಎನ್ನುತ್ತಾರೆಯೇ ಎಂದು ನಗುವವರಿದ್ದಾರೆ. ಎನ್ನಬೇಕು, ಏಕೆಂದರೆ ಸಂಗೀತದಷ್ಟೇ ಇದಕ್ಕೂ ಸಾಧನೆ ಬೇಕು. ನಾನು ಈ ಎರಡನೇ ಪಂಗಡದವನು. ನಮ್ಮ ಪಂಗಡದವರು ಸೇರಿದಲ್ಲಿ ಲ್ಯಾಂಡೋರ್, ಲ್ಯಾನ್ಸ್‌ಡೌನ್, ಕಸೌಲಿ ಎಂಬ ಹೆಸರುಗಳು ಮಂತ್ರದಂತೆ ಓಡಾಡುತ್ತವೆ. ಎತ್ತರ, ಚಳಿ, ದೇವದಾರು ಇವು ಮೂರೂ ಕೂಡಿದಲ್ಲಿ ಮೌನ ತಾನಾಗಿ ಹುಟ್ಟುತ್ತದೆ ಎಂಬುದು ಅವರ ನಂಬಿಕೆ. ನನ್ನ ವಾದ ಬೇರೆ. ಮೌನವನ್ನು ಬೆಟ್ಟ ಕೊಡುವುದಿಲ್ಲ, ಬೇಲಿ ಕೊಡುತ್ತದೆ. ಎಲ್ಲಿ ಬೆಟ್ಟ ಸದ್ದಿಲ್ಲದೆ ಉಳಿದಿದೆಯೋ ಅಲ್ಲಿ ಯಾರೋ ಎಂದೋ ‘ಇಲ್ಲಿ ಕೂಡದು’ ಎಂದಿರುತ್ತಾರೆ.

ಲ್ಯಾಂಡೋರನ್ನೇ ತೆಗೆದುಕೊಳ್ಳಿ. 1827ರಲ್ಲಿ ಕಾಯಿಲೆ ಬಿದ್ದ ಬ್ರಿಟಿಷ್ ಸಿಪಾಯಿಗಳ ಆರೈಕೆಗೆಂದು ಕಟ್ಟಿದ ದಂಡುಪ್ರದೇಶ ಅದು. ಅದಕ್ಕೆ ಅಂಟಿಕೊಂಡೇ ಮಸ್ಸೂರಿ ಇದೆ. ಎರಡಕ್ಕೂ ಒಂದೇ ಏಣು, ಒಂದೇ ಮಂಜು, ಹೆಚ್ಚುಕಡಿಮೆ ಒಂದೇ ಎತ್ತರ. ಆದರೂ ಕೆಳಗೆ ಮಸ್ಸೂರಿಯಲ್ಲಿ ಮೇ ತಿಂಗಳ ಶನಿವಾರ ಕಾರುಗಳು ಒಂದರ ಬಾಲಕ್ಕೆ ಒಂದು ಅಂಟಿ ನಿಂತು ಹಾರ್ನ್ ಒತ್ತುತ್ತಿದ್ದರೆ, ಮೇಲೆ ಲ್ಯಾಂಡೋರಿನ ಚಕ್ಕರ್ ರಸ್ತೆಯಲ್ಲಿ ನಿಮ್ಮ ಹೆಜ್ಜೆ ನಿಮಗೆ ಕೇಳುತ್ತದೆ. ದಂಡುಪ್ರದೇಶದ ಕಾಯ್ದೆ ಅಲ್ಲಿ ಮನಬಂದಂತೆ ಹೊಸ ಕಟ್ಟಡ ಎಬ್ಬಿಸಲು ಬಿಡುವುದಿಲ್ಲ, ಅಷ್ಟೇ. 1887ರಲ್ಲಿ ನೆಲೆಯಾದ ಲ್ಯಾನ್ಸ್‌ಡೌನಿಗೆ ಗಢವಾಲ್ ರೈಫಲ್ಸ್‌ನ ಕಾವಲು. ಕಸೌಲಿಯ ಕಥೆ ಇನ್ನೂ ಕಟುವಾದದ್ದು. ದಂಡಿನ ಗಡಿಯೊಳಗೆ ಊರು ತಣ್ಣಗಿದೆ. ಗಡಿ ದಾಟಿದರೆ ಇಳಿಜಾರಿಗೆ ಹೋಟೆಲುಗಳು ನೇತುಬಿದ್ದಿವೆ. ಆ ಅಕ್ರಮ ಕಟ್ಟಡಗಳನ್ನು ಕೆಡವಿ ಎಂದು ಸುಪ್ರೀಂ ಕೋರ್ಟ್ ಹೇಳಿತು. 2018ರ ಮೇ 1ರಂದು ಕೆಡವಿಸಲು ಹೋದ ಮಹಿಳಾ ಅಧಿಕಾರಿಯನ್ನು ಗುಂಡಿಟ್ಟು ಕೊಂದರು. ದೇವದಾರು ಗಡಿಯ ಎರಡೂ ಬದಿಗಿದೆ, ಚಳಿ ಎರಡೂ ಬದಿಗಿದೆ. ಮೌನ ಮಾತ್ರ ಒಂದೇ ಬದಿಗೆ.

ಇದೇ ಪಾಠ ನಮ್ಮ ಉತ್ತರಕನ್ನಡದ ಕಾಳಿ ಹೊಳೆಯ ಉದ್ದಕ್ಕೂ ಇದೆ. ಜೋಯಿಡಾದ ಡಿಗ್ಗಿಯ ಕಡೆ ಹುಟ್ಟಿ ಕಾರವಾರದಲ್ಲಿ ಕಡಲು ಸೇರುವ ಹೊಳೆ 184 ಕಿಲೋಮೀಟರಿನದು. ಮೇಲುಭಾಗದಲ್ಲಿ ಗಣೇಶಗುಡಿ, ದಾಂಡೇಲಿ. ಸೂಪಾ ಅಣೆಕಟ್ಟೆಯವರು ವಿದ್ಯುತ್ತಿಗೆಂದು ನೀರು ಬಿಟ್ಟಾಗ ಅಲ್ಲಿ ರಾಫ್ಟಿಂಗ್. ವಾರಾಂತ್ಯಕ್ಕೆ ರಿಸಾರ್ಟುಗಳಲ್ಲಿ ಕ್ಯಾಂಪ್‌ಫೈರು, ಸ್ಪೀಕರು. ಅದೇ ನೀರು ಘಟ್ಟ ಇಳಿದು, ಕೊಡಸಳ್ಳಿ ದಾಟಿ, ಕದ್ರಾ ಜಲಾಶಯದ ಹಿನ್ನೀರಾಗಿ ನಿಲ್ಲುವ ಕಡೆಗೆ ಕೈಗಾ. ಅಲ್ಲಿ ಅಣುವಿದ್ಯುತ್ ಸ್ಥಾವರವಿದೆ: 220 ಮೆಗಾವಾಟಿನ ನಾಲ್ಕು ಘಟಕಗಳು, ಮೊದಲೆರಡು 2000ದಲ್ಲಿ, ಕೊನೆಯದು 2011ರಲ್ಲಿ ವಾಣಿಜ್ಯ ಮಟ್ಟದಲ್ಲಿ ವಿದ್ಯುತ್ ಕೊಡತೊಡಗಿದವು. ಮೊದಲನೇ ಘಟಕ 2018ರ ಡಿಸೆಂಬರ್ 31ರ ತನಕ 962 ದಿನ ಎಡೆಬಿಡದೆ ಓಡಿ ಅಂದಿನ ವಿಶ್ವದಾಖಲೆ ಮಾಡಿದ್ದೂ ಇಲ್ಲಿಯೇ. ದಾಖಲೆಯ ಯಂತ್ರ ಇಟ್ಟುಕೊಂಡ ಕಣಿವೆಯಲ್ಲಿ ರಿಸಾರ್ಟ್ ಇಲ್ಲ, ವ್ಯೂ ಪಾಯಿಂಟ್ ಇಲ್ಲ, ಮೆಕ್ಕೆಜೋಳ ಸುಡುವ ಗಾಡಿಯೂ ಇಲ್ಲ. ಸ್ಥಾವರದ ಸುತ್ತ ಜನ ನೆಲೆಸುವಂತಿಲ್ಲ, ಕ್ಯಾಮೆರಾ ಎತ್ತುವಂತಿಲ್ಲ. ನೌಕರರ ವಸತಿ ದೂರದ ಮಲ್ಲಾಪುರದಲ್ಲಿ. ಹಿಮಾಲಯದಲ್ಲಿ ದಂಡು ಮಾಡಿದ ಕೆಲಸವನ್ನು ಇಲ್ಲಿ ಅಣು ಮಾಡಿದೆ.

ಹಾಗೆಂದು ಕೈಗಾವನ್ನು ಗಿರಿಧಾಮ ಎನ್ನುವುದು ಅತಿರೇಕವಲ್ಲವೇ ಎಂದು ಯಾರಾದರೂ ಕೇಳಿಯಾರು. ಕದ್ರಾ ಜಲಾಶಯ ತುಂಬಿದಾಗಲೂ ನೀರಿನ ಮಟ್ಟ ಸಮುದ್ರಕ್ಕಿಂತ 34.5 ಮೀಟರ್ ಮೇಲೆ. ಲ್ಯಾಂಡೋರ್ ಎರಡು ಸಾವಿರ ಮೀಟರಿಗೂ ಮೇಲಿದೆ. ಇಲ್ಲಿ ಹಿಮವಿಲ್ಲ, ಬೆವರಿದೆ. ಮಳೆಗಾಲದಲ್ಲಿ ಉಂಬಳ ಬೇರೆ. ಒಪ್ಪೋಣ. ಆದರೆ ಸುಮ್ಮನಿರಲು ಹೋದವನಿಗೆ ಬೇಕಾದ್ದು ತಣ್ಣನೆಯ ಗಾಳಿಗಿಂತ ಮನುಷ್ಯರ ಗಲಾಟೆ ಇಲ್ಲದ ಗಾಳಿ. ಇಲ್ಲಿನ ಬೆಳಗು ಬಿಚ್ಚಿಕೊಳ್ಳುವುದನ್ನು ನಿಧಾನಕ್ಕೆ ಕೇಳಬೇಕು. ಮೊದಲು ಬೆಳಕಿಲ್ಲದ ಹೊತ್ತಿನಲ್ಲಿ ಹಳ್ಳದ ಕಡೆಯಿಂದ ಸಿಳ್ಳಾರ ಹಕ್ಕಿಯ ಹಾಡು. ಶಾಲೆಗೆ ಹೊರಟ ಹುಡುಗ ದಾರಿಯಲ್ಲಿ ರಾಗ ಮರೆತು, ಮತ್ತೆ ನೆನಪಿಸಿಕೊಂಡು, ಮತ್ತೆ ಮರೆಯುವ ಸಿಳ್ಳೆ ಅದು. ಆಮೇಲೆ ಮರದಿಂದ ಮರಕ್ಕೆ ಹನಿ ತೊಟ್ಟಿಕ್ಕುವ ಸದ್ದು. ಬಿಸಿಲು ಏರಿದ ಮೇಲೆ ಜೀರುಂಡೆ. ಅಷ್ಟರಲ್ಲಿ ತಲೆಯ ಮೇಲೆ ಹಳೇ ಉಗಿಬಂಡಿ ಹೊರಟಂತೆ ಭುಸುಭುಸು ಕೇಳಿದರೆ ಕತ್ತೆತ್ತಿ: ದೊಡ್ಡ ಮಂಗಟ್ಟೆಯ ರೆಕ್ಕೆಗಳ ನಡುವೆ ಗಾಳಿ ನುಗ್ಗುವ ಸದ್ದು. ಅದು ಹೋಗಿ ಕೂತ ಗೋಳಿಮರದ ಕೆಳಗೆ ಹಣ್ಣು ಉದುರುವುದೂ ಕೇಳುತ್ತದೆ. ಇನ್ನು ಸಿಳ್ಳಾರದ ಮಾತು. ಹಿಮಾಲಯದ ತೊರೆಗಳ ಬಂಡೆ ಮೇಲೆ ಸಿಳ್ಳು ಹಾಕುವ ನೀಲಿ ಹಕ್ಕಿಯೂ ನಮ್ಮ ಘಟ್ಟದ ಈ ಹಕ್ಕಿಯೂ ಒಂದೇ ಕುಲದ ದಾಯಾದಿಗಳು. ಅಲ್ಲಿಗೆ ಹೋದವರು ಮುಂಜಾನೆ ಕೇಳಿ ಮೈಮರೆಯುವ ಹಾಡಿನ ಮನೆತನ ಇಲ್ಲಿಯೂ ಇದೆ. ಸ್ಥಾವರದವರೇ ಹಕ್ಕಿವೀಕ್ಷಕರನ್ನು ಕರೆದು ‘ಕೈಗಾ ಬರ್ಡ್ ಮ್ಯಾರಥಾನ್’ ಎಂದು ಹಕ್ಕಿ ಎಣಿಸುತ್ತಾರೆ. ಹೆಸರಿನಲ್ಲಿ ಓಟವಿದೆ, ನಡೆಯುವುದು ಮಾತ್ರ ಮೆಲ್ಲಗೆ.

ಹಿಮಾಲಯವನ್ನೂ ಕಾಳಿಯನ್ನೂ ಒಂದೇ ಕಣ್ಣು ನೋಡಿದ ದಾಖಲೆಯೂ ನಮಗಿದೆ. ರವೀಂದ್ರನಾಥ ಟಾಗೋರರು 1873ರಲ್ಲಿ, ಹನ್ನೆರಡರ ಆಸುಪಾಸಿನಲ್ಲಿ, ತಂದೆಯೊಂದಿಗೆ ಡಾಲ್‌ಹೌಸಿಯ ಬಕ್ರೋಟಾ ಬೆಟ್ಟದಲ್ಲಿದ್ದರು. ಮನೆಯ ಕೆಳಗಿನ ದೇವದಾರು ಕಾಡಿಗೆ ಕಬ್ಬಿಣದ ಮೊನೆಯ ಕೋಲು ಹಿಡಿದು ಒಬ್ಬರೇ ಹೋಗುತ್ತಿದ್ದರಂತೆ, ತಂದೆ ತಡೆಯಲಿಲ್ಲ. ಹತ್ತು ವರ್ಷ ಬಿಟ್ಟು 1883ರಲ್ಲಿ ಅಣ್ಣ ಸತ್ಯೇಂದ್ರನಾಥರು ನ್ಯಾಯಾಧೀಶರಾಗಿದ್ದ ಕಾರವಾರಕ್ಕೆ ಬಂದರು. ಬೆಟ್ಟ ಸುತ್ತುವರಿದ, ಬಂದರಿನ ಗದ್ದಲವೇ ಇಲ್ಲದ ಬಂದರು ಎಂಬ ಅರ್ಥದಲ್ಲಿ ಅವರು ಈ ಊರನ್ನು ನೆನೆದಿದ್ದಾರೆ. ಒಂದು ಬೆಳದಿಂಗಳ ರಾತ್ರಿ ಸಣ್ಣ ದೋಣಿಯಲ್ಲಿ ಕಾಳಿಯ ಮೇಲಕ್ಕೆ ಹೋಗಿಬಂದದ್ದನ್ನೂ ಆತ್ಮಕಥೆಯಲ್ಲಿ ಬರೆದರು. ‘ಪ್ರಕೃತಿಯ ಪ್ರತಿಶೋಧ’ ನಾಟಕ ಮೂಡಿದ್ದು ಇಲ್ಲಿಯೇ. ಎತ್ತರದ ಬೆಟ್ಟ ಬಾಲಕನಿಗೆ ಕೊಟ್ಟದ್ದನ್ನು ಕಡಲಮಟ್ಟದ ಹೊಳೆ ತರುಣನಿಗೆ ಕೊಡಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಡ. ಕಾರವಾರದ ಕಡಲತೀರಕ್ಕೆ ಈಗ ಅವರದೇ ಹೆಸರು. ಗದ್ದಲದ ವಿಷಯ ಕೇಳಬೇಡಿ.

ಇಲ್ಲಿ ಬರುವ ಇನ್ನೊಂದು ಆಕ್ಷೇಪಣೆಯನ್ನು ಇಷ್ಟು ಹಗುರಾಗಿ ದಾಟುವಂತಿಲ್ಲ. ಬೇಲಿಯ ಒಳಗಿನ ಮೌನಕ್ಕೆ ಬೇಲಿಯ ಹೊರಗೆ ದಬ್ಬಿಸಿಕೊಂಡವರು ಬೆಲೆ ಕಟ್ಟಿದ್ದಾರೆ. ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟೆಗಳಿಗೆ, ಕೈಗಾಕ್ಕೆ, ಆಮೇಲೆ ಕಾರವಾರ-ಅಂಕೋಲೆಯ ನಡುವಿನ ನೌಕಾನೆಲೆಗೆ ಈ ಜಿಲ್ಲೆಯವರು ಗದ್ದೆ, ಮನೆ, ಮೀನುಗಾರಿಕೆಯ ಕಡಲು ಬಿಟ್ಟುಕೊಟ್ಟರು. ಶಿವರಾಮ ಕಾರಂತರು ಕೈಗಾವನ್ನು ವಿರೋಧಿಸಿ ಇಳಿವಯಸ್ಸಿನಲ್ಲಿ ಊರೂರು ತಿರುಗಿದರು, 1989ರ ಲೋಕಸಭಾ ಚುನಾವಣೆಗೂ ಇಲ್ಲಿಂದ ನಿಂತರು, ಸೋತರು. 1994ರ ಮೇ ತಿಂಗಳಲ್ಲಿ ಕಟ್ಟುತ್ತಿದ್ದ ಘಟಕದ ಗುಮ್ಮಟದ ಒಳಪದರ ಕುಸಿದಾಗ ಅವರ ಅನುಮಾನ ನೆನೆದವರು ಬಹಳ. ಹೀಗಿರುವಾಗ ‘ಆಹಾ ಎಂಥ ಪ್ರಶಾಂತತೆ’ ಎಂದು ಹೊಗಳುವುದು ಪರರ ನಷ್ಟದಲ್ಲಿ ನಮ್ಮ ಸುಖ ಹುಡುಕಿದಂತಲ್ಲವೇ? ಆಕ್ಷೇಪಣೆ ನಿಜ, ಆದರೆ ಅದು ನನ್ನ ವಾದವನ್ನು ಕೆಡವುವುದಿಲ್ಲ, ಇನ್ನಷ್ಟು ಗಟ್ಟಿ ಮಾಡುತ್ತದೆ. ಮೌನ ಪ್ರಕೃತಿ ಕೊಟ್ಟ ಬಿಟ್ಟಿ ಸರಕು ಎಂದು ನಂಬಿದವನು ಯಾರಿಗೂ ಋಣಿಯಲ್ಲ. ಬೇಲಿಯಿಂದ ಬಂದದ್ದು ಎಂದು ತಿಳಿದವನು ಋಣಿ. ಬೇಲಿಯೂ ಒಂದೇ ಬಗೆಯದಲ್ಲ. ಉತ್ತರಕನ್ನಡದ ಹಳ್ಳಿಗಳು ದೇವರಕಾಡಿನಲ್ಲಿ ಕೊಡಲಿ ಎತ್ತಬಾರದು ಎಂದು ತಾವೇ ಕಟ್ಟಳೆ ಹಾಕಿಕೊಂಡಿದ್ದವು. ಅಲ್ಲಿ ಮುಳ್ಳುತಂತಿಯಿಲ್ಲ, ಒಕ್ಕಲೆಬ್ಬಿಸುವ ನೋಟೀಸಿಲ್ಲ. ಅಂಕೋಲೆಯ ಹೊನ್ನಳ್ಳಿಯ ಹಾಲಕ್ಕಿ ಅಜ್ಜಿ, ಪದ್ಮಶ್ರೀ ತುಳಸಿ ಗೌಡ, ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಟ್ಟಲೆ ಸಸಿ ಬೆಳೆಸಿದ್ದು ಯಾವ ದಂಡಿನ ಕಾಯ್ದೆಗೂ ಅಂಜಿ ಅಲ್ಲ. ಸ್ಥಾವರದ ಬೇಲಿ ಮತ್ತು ದೇವರಕಾಡಿನ ಕಟ್ಟಳೆ ಎರಡನ್ನೂ ಮುಂದಿಟ್ಟು ಆರಿಸು ಎಂದರೆ ನಾನು ಎರಡನೆಯದನ್ನೇ ಆರಿಸುತ್ತೇನೆ.

ಊರಿನ ಹುಡುಗರಿಗೆ ಹೋಂಸ್ಟೇ, ಜೀಪು, ಅಂಗಡಿ ಬೇಡವೇ ಎಂಬ ಪ್ರಶ್ನೆ ಉಳಿಯಿತು. ಬೇಕು. ಆದರೆ ಈ ಘಟ್ಟದ ಮೈ ಎಷ್ಟು ಹೊರಬಲ್ಲದು ಎಂಬುದು ನಮ್ಮ ಆಸೆಯನ್ನು ಕೇಳಿ ನಿರ್ಧಾರವಾಗುವುದಿಲ್ಲ. 2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಮನೆ-ತೋಟಗಳ ಸಮೇತ ಗುಡ್ಡ ಜಾರಿತು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಕುಸಿದು ಚಹಾದಂಗಡಿ, ಲಾರಿ, ಜನರನ್ನೆಲ್ಲ ಗಂಗಾವಳಿ ಹೊಳೆಗೆ ತಳ್ಳಿತು. ಬುಡ ಕಡಿದ ಗುಡ್ಡದ ಮೇಲೆ ನೂರು ಕೋಣೆಯ ಹೋಟೆಲು ಎಬ್ಬಿಸುವುದಕ್ಕಿಂತ, ಹತ್ತು ಮನೆಗಳಲ್ಲಿ ಒಂದೊಂದು ಕೋಣೆಗೆ ವಾರಗಟ್ಟಲೆ ಉಳಿಯುವ ಅತಿಥಿ ಬಂದರೆ ಊರಿಗೂ ಲಾಭ, ಗುಡ್ಡಕ್ಕೂ ಉಸಿರು.

ಈ ಕಡೆ ಬರುವ ಮನಸ್ಸಾದರೆ ನವೆಂಬರ್‌ನಿಂದ ಫೆಬ್ರವರಿಯೊಳಗೆ ಬನ್ನಿ. ಮಳೆಗಾಲದಲ್ಲಿ ಯಲ್ಲಾಪುರದಿಂದ ಇಳಿಯುವ ಘಟ್ಟದ ರಸ್ತೆ ತೆರೆದಿದೆಯೇ ಎಂದು ವಿಚಾರಿಸಿಕೊಂಡೇ ಹೊರಡಬೇಕು. ಕಾಡಿನೊಳಗೆ ಕಾಲಿಡಲು ಅರಣ್ಯ ಇಲಾಖೆಯ ಅಪ್ಪಣೆ ಬೇಕು, ಸ್ಥಾವರದ ದಿಕ್ಕಿಗೆ ಕ್ಯಾಮೆರಾ ಬೇಡ. ಹಾಡು ಹಾಕುವ ಡಬ್ಬಿಯನ್ನು ಮಾತ್ರ ದಯವಿಟ್ಟು ಮನೆಯಲ್ಲೇ ಬಿಟ್ಟು ಬನ್ನಿ.