ನಾನು ಓದದೆ ಬಿಟ್ಟ ಒಂದು ಪದ

ಮನೆಯ ಯಜಮಾನ ಕೆಲಸದಿಂದ ಮುಖ ಗಂಟಿಕ್ಕಿಕೊಂಡು ಬಂದ ದಿನ ಮನೆ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಮಕ್ಕಳು ಮೂಲೆ ಸೇರುತ್ತಾರೆ. ಸಾರಿಗೆ ಉಪ್ಪು ಹೆಚ್ಚಾಗಿದೆ ಎನಿಸುತ್ತದೆ, ನಿಜವಾಗಿ ಹೆಚ್ಚಾಗಿರುವುದಿಲ್ಲ. 2012 ಮತ್ತು 2013ರಲ್ಲಿ ಚಂದ್ರಬಂಡದ ನಮ್ಮ ಮನೆ ಹೆಚ್ಚುಕಡಿಮೆ ದಿನವೂ ಹಾಗೆಯೇ ಇತ್ತು. ಆಗ ನಾನು ರಾಯಚೂರಿನ ಒಂದು ಏಜೆನ್ಸಿಯಲ್ಲಿ ಕೆಲಸಕ್ಕಿದ್ದೆ. ಜನರನ್ನು ಗಲ್ಫ್ ದೇಶಗಳಿಗೆ ಕಳಿಸುವ ಏಜೆನ್ಸಿ ಅದು. ಅದರ ಹೆಸರು ಇಲ್ಲಿ ಬೇಡ. ಈಗ ಅದು ಇಲ್ಲ. ಬೋರ್ಡಿನ ಮೇಲೆ ಮಾತ್ರ 'ನಿಮ್ಮ ಪ್ರತಿಭೆಗೆ ತಕ್ಕ ಕೆಲಸ' ಎಂದು ದೊಡ್ಡ ಅಕ್ಷರಗಳಲ್ಲಿ ಬರೆಸಿದ್ದರು.

ನಾನು ಮದ್ರಸದಲ್ಲಿ ಕಲಿತವನು. ಆಮೇಲೆ ಹೈದರಾಬಾದಿನ ಮೌಲಾನಾ ಆಝಾದ್ ಉರ್ದು ವಿಶ್ವವಿದ್ಯಾಲಯದ ದೂರಶಿಕ್ಷಣದಲ್ಲಿ ಬಿ.ಎ. ಮುಗಿಸಿದೆ. ಎರಡು ಸನದುಗಳಿದ್ದರೂ ಕೆಲಸ ಸಿಗಲಿಲ್ಲ. ಶಾಲೆಯವರಿಗೆ ನಾನು ಮೌಲ್ವಿ, ಮಸೀದಿಯವರಿಗೆ ನಾನು ಬಿ.ಎ. ಏಜೆನ್ಸಿಯ ಮಾಲೀಕರು ಕರೆದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಗಲ್ಫಿಗೆ ಹೋಗುವವರಿಗೆ ನಾಲ್ಕು ಮಾತು ಅರಬಿ ಕಲಿಸಬೇಕು, ಅಲ್ಲಿಂದ ಬಂದ ಕಾಗದಗಳನ್ನು ಓದಿ ಅವರವರ ಭಾಷೆಯಲ್ಲಿ ತಿಳಿಸಬೇಕು. ಸಂಬಳ 4,500 ರೂಪಾಯಿ. ಕಲಿತದ್ದು ಕಡೆಗೂ ಕೆಲಸಕ್ಕೆ ಬಂತು ಎಂದುಕೊಂಡೆ.

ಬರುತ್ತಿದ್ದವರು ಹೆಚ್ಚಾಗಿ ದೇವದುರ್ಗ, ಮಾನ್ವಿ ಕಡೆಯ ಹುಡುಗರು. ಮಳೆ ಕೈಕೊಟ್ಟ ವರ್ಷ, ಕಾಲುವೆಯ ಕೊನೆ ಭಾಗದ ಹೊಲಗಳಿಗೆ ನೀರು ಮುಟ್ಟದ ವರ್ಷ ಬೆಂಗಳೂರಿಗೋ ಹೈದರಾಬಾದಿಗೋ ಗುಳೆ ಹೋಗುವುದು ನಮ್ಮ ಜಿಲ್ಲೆಯ ಹಳೆಯ ಕಥೆ. ಹೇಗೂ ಊರು ಬಿಡುವುದಾದರೆ ಸೌದಿಗೇ ಹೋಗೋಣ ಎಂದು ಬರುತ್ತಿದ್ದರು. ಹಿಂದೂಗಳೂ ಬರುತ್ತಿದ್ದರು, ಮುಸ್ಲಿಮರೂ ಬರುತ್ತಿದ್ದರು. ಮೆಟ್ಟಿಲು ಹತ್ತಿ ಬಂದು ಮೊದಲು ನೋಡುತ್ತಿದ್ದುದು ನನ್ನನ್ನು. ನನ್ನ ಮೇಜನ್ನು ಬಾಗಿಲ ಎದುರಿಗೇ ಹಾಕಿಸಿದ್ದರು.

ಅದು ಏಕೆ ಎಂದು ತಿಳಿಯಲು ನನಗೆ ಆರು ತಿಂಗಳು ಬೇಕಾಯಿತು. ಜನರ ಮುಂದೆ ಮಾಲೀಕರು ನನ್ನನ್ನು "ಹಜ್ರತ್" ಎನ್ನುತ್ತಿದ್ದರು. ಜನ ಇಳಿದು ಹೋದ ಮೇಲೆ "ಏ ಮೌಲಾನಾ, ಆ ಫೈಲ್ ತಾ" ಎನ್ನುತ್ತಿದ್ದರು. ಕಂಪ್ಯೂಟರಿಗೆ ಕೂತ ಹುಡುಗ ಎಸೆಸೆಲ್ಸಿ ಪಾಸಾದವನು, ಅವನ ಸಂಬಳ 7,000. ಅವನ ಮೇಲೆ ನನಗೆ ಸಿಟ್ಟಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ದಿನ ಹೆಚ್ಚಿಗೆ ಕೇಳಿದೆ. "ಕಂಪ್ಯೂಟರ್ ನಿಂತರೆ ಆಫೀಸ್ ನಿಲ್ಲುತ್ತದೆ. ನೀವು ಒಂದು ದಿನ ಬರದಿದ್ದರೆ ಏನು ನಿಲ್ಲುತ್ತದೆ?" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಬಸ್ಸಿನಲ್ಲಿ ಬರುವಾಗ ಹೊಳೆಯಿತು: ನನ್ನ ಗಡ್ಡ, ಟೋಪಿ ಕಂಡು ತಾನೇ ಜನ ಹಣ ಎಣಿಸಿ ಕೊಡುವುದು? ನನ್ನ ಅರಬಿಗೆ ಅಲ್ಲಿ ಬೆಲೆ ಇರಲಿಲ್ಲ. ನನ್ನ ಮುಖಕ್ಕೆ ಇತ್ತು, ಆದರೆ ಅದನ್ನು ಸಂಬಳದಲ್ಲಿ ಸೇರಿಸಿರಲಿಲ್ಲ.

ಮಾಲೀಕರ ಪಾಡು ಆಗ ನನಗೆ ಕಾಣಲಿಲ್ಲ. ಸೌದಿ ಅರೇಬಿಯಾ 2011ರಲ್ಲಿ ನಿತಾಖತ್ ಎಂಬ ನೀತಿ ತಂದಿತ್ತು. ಅಲ್ಲಿನ ಕಂಪನಿಗಳು ತಮ್ಮ ದೇಶದವರಿಗೆ ಇಷ್ಟು ಪಾಲು ಎಂದು ಕೆಲಸ ಕೊಡಬೇಕು, ಕೊಡದವರಿಗೆ ಹೊಸ ವೀಸಾ ಇಲ್ಲ. ನಮಗೆ ಕಂಪನಿ ವೀಸಾಗಳು ಬರುವುದು ನಿಂತೇ ಹೋಯಿತು. ಇನ್ನೊಂದು ವಿಷಯವೂ ಇತ್ತು. ನಮ್ಮದು ಸ್ವತಂತ್ರ ಏಜೆನ್ಸಿಯೇ ಅಲ್ಲ, ಮುಂಬೈಯ ಒಬ್ಬ ಏಜೆಂಟರ ಕೈಕೆಳಗಿನದು. 1983ರ ವಲಸೆ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದೆ ವಿದೇಶಕ್ಕೆ ಜನರನ್ನು ಸೇರಿಸಿಕೊಡುವಂತಿಲ್ಲ. ನಮ್ಮ ಗೋಡೆಯ ಮೇಲೆ ತೂಗುಹಾಕಿದ್ದ ಪ್ರಮಾಣಪತ್ರ ಮುಂಬೈಯವರದು, ಅದೂ ಜೆರಾಕ್ಸ್. ಇದು ನನಗೆ ಸೇರಿದ ದಿನವೇ ಕಂಡಿತ್ತು. ಸಂಬಳ ಸಿಗುತ್ತಿದ್ದ ತಿಂಗಳುಗಳಲ್ಲಿ ನಾನು ಆ ಗೋಡೆಯ ಕಡೆ ನೋಡುತ್ತಿರಲಿಲ್ಲ.

ಕಂಪನಿ ವೀಸಾ ನಿಂತ ಮೇಲೆ ಉಳಿದದ್ದು ಮನೆಗೆಲಸದ ವೀಸಾಗಳು. ಮನೆ ಡ್ರೈವರ್, ತೋಟದವನು, ಕುರಿಗಾಹಿ. ಇವರಿಗೆ ಅಲ್ಲಿನ ಕಾರ್ಮಿಕ ಕಾನೂನಿನ ರಕ್ಷಣೆ ಇರಲಿಲ್ಲ. (2021ರಲ್ಲಿ ಸೌದಿ ಸರಕಾರ ಕಾರ್ಮಿಕರಿಗೆ ಕೆಲಸ ಬದಲಿಸುವ, ದೇಶ ಬಿಟ್ಟು ಬರುವ ಅವಕಾಶವನ್ನು ಸಡಿಲಿಸಿದಾಗಲೂ ಈ ವರ್ಗದವರನ್ನು ಹೊರಗೇ ಇಟ್ಟಿತು.) ನಮ್ಮ ಆಫೀಸಿನಲ್ಲಿ ಇವೆಲ್ಲಕ್ಕೂ 'ಫಾರ್ಮ್ ಕೆಲಸ' ಎಂಬ ಒಂದೇ ಹೆಸರು.

ಈಗ ಆ ದಿನದ ಮಾತಿಗೆ ಬರುತ್ತೇನೆ. 2012ರ ರಮಝಾನ್ ಮುಗಿದು ಒಂದೆರಡು ತಿಂಗಳಾಗಿತ್ತು. ನನಗೆ ಮೂರು ತಿಂಗಳ ಸಂಬಳ ಬಾಕಿ. ಮುಂಬೈಯಿಂದ ಇಬ್ಬರು ಬಂದಿದ್ದರು. ಹತ್ತು ಹದಿನೈದು ಜನ ಕೂತಿದ್ದಾರೆ, ಅವರಲ್ಲಿ ನಾನು ಅರಬಿ ಕಲಿಸುತ್ತಿದ್ದ ಹುಡುಗರೂ ಇದ್ದಾರೆ. ಮಾಲೀಕರು ಒಳಗಿಂದಲೇ ಕೂಗಿದರು: "ಮೌಲಾನಾ, ಕೆಳಗಿಂದ ನಾಲ್ಕು ಚಹಾ ಹಿಡ್ಕೊಂಡು ಬಾ." ಚಹಾ ತರುವುದು ಕೀಳು ಕೆಲಸವಲ್ಲ, ಮನೆಯಲ್ಲಿ ಅತಿಥಿಗಳಿಗೆ ನಾನೇ ಕೊಡುತ್ತೇನೆ. ಆದರೆ ಆ ಹುಡುಗರು ನನ್ನ ಮುಖ ನೋಡದೆ ನೆಲ ನೋಡಿದರಲ್ಲ, ಅದು ನಾಟಿತು. ಹೋಗಿ ತಂದೆ. ಬಂದು ನನ್ನ ಕುರ್ಚಿಯಲ್ಲಿ ಕೂತು ನಿರ್ಧರಿಸಿದೆ: ಚಹಾ ತರುವುದು ನನ್ನ ಕೆಲಸವಾದರೆ ಕಾಗದ ಓದುವುದು ನನ್ನ ಕೆಲಸವಲ್ಲ.

ಅದೇ ಮಧ್ಯಾಹ್ನ ವೀಸಾ ಹಚ್ಚಿದ ಐದು ಪಾಸ್‌ಪೋರ್ಟುಗಳು ನನ್ನ ಮೇಜಿಗೆ ಬಂದವು. ಪ್ರತಿ ವೀಸಾದ ಮೇಲೆ ಉದ್ಯೋಗ ಏನೆಂದು ಅರಬಿಯಲ್ಲಿ ಇರುತ್ತದೆ. ನಾನು ಅದನ್ನು ಓದಿ ಹೇಳಿ, 'ಓದಿ ತಿಳಿಸಲಾಗಿದೆ' ಎಂಬ ಕಾಲಮ್ಮಿನಲ್ಲಿ ಸಹಿ ಹಾಕಬೇಕು. ನಾನು ಐದೂ ಸಹಿ ಹಾಕಿದೆ. ಒಂದನ್ನೂ ಬಿಚ್ಚಲಿಲ್ಲ. ಅದರಲ್ಲಿ ದೇವದುರ್ಗ ಕಡೆಯ ಹುಡುಗನದೊಂದಿತ್ತು. ಡ್ರೈವಿಂಗ್ ಕಲಿತವನು, ಟ್ರ್ಯಾಕ್ಟರ್ ಓಡಿಸುತ್ತಿದ್ದ. ಫಾರ್ಮಿನಲ್ಲಿ ಡ್ರೈವರ್ ಕೆಲಸ ಎಂದು ಅವನಿಗೆ ಹೇಳಿದ್ದರು. "ಎಲ್ಲಾ ಸರಿ ಐತೇನ್ರಿ ಸರ್?" ಎಂದು ಕೇಳಿದ. "ಒಳಗೆ ಕೇಳು" ಎಂದೆ.

ಅವನ ವೀಸಾದಲ್ಲಿ 'ರಾಯೀ' ಎಂದಿತ್ತು. ರಾಯೀ ಎಂದರೆ ಕುರಿಗಾಹಿ. ಮದ್ರಸದಲ್ಲಿ ಸಣ್ಣ ವಯಸ್ಸಿನಲ್ಲೇ ಬಾಯಿಪಾಠ ಮಾಡಿಸುವ, ಜವಾಬ್ದಾರಿಯ ಕುರಿತಾದ ಹದೀಸಿನಲ್ಲಿ ಬರುವ ಪದವೇ ಅದು. ಅದನ್ನು ಓದಲು ನಿಘಂಟು ಬೇಕಿರಲಿಲ್ಲ, ಪುಟ ತೆರೆಯುವಷ್ಟು ಮನಸ್ಸು ಬೇಕಿತ್ತು.

ಜನವರಿಯಲ್ಲಿ ಅವನ ಫೋನ್ ಬಂತು. ಊರೇ ಇಲ್ಲದ ಮರಳುಗಾಡಿನಲ್ಲಿ ಒಂದು ಡೇರೆ, ನೂರಾರು ಕುರಿ, ವಾರಕ್ಕೊಮ್ಮೆ ನೀರಿನ ಟ್ಯಾಂಕರ್. ಸಂಬಳ ಒಂದು ತಿಂಗಳದ್ದು ಮಾತ್ರ ಸಿಕ್ಕಿತ್ತು. ಅವನು ಬೈಯಲಿಲ್ಲ. "ಸರ್, ನೀವು ನೋಡಿದ್ರಿ ಅಂತ ಬಂದೆ" ಎಂದನಷ್ಟೆ. ಆ ರಾತ್ರಿ ನನ್ನ ಮಡದಿಗೆ ಎಲ್ಲ ಹೇಳಿದೆ, ಚಹಾದ ಮಾತೂ ಸೇರಿಸಿ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಅವಮಾನ ಮಾಡಿದವರು ಒಳಗಿನ ಕೋಣೆಯಲ್ಲಿದ್ದರು. ನೀವು ಸಿಟ್ಟು ತೀರಿಸಿಕೊಂಡದ್ದು ಹೊರಗೆ ಕೂತವನ ಮೇಲೆ" ಎಂದಳು. ನನ್ನ ಪರವಾಗಿ ಅವಳೊಂದು ಮಾತಾಡಿಯಾಳು ಎಂದು ಕಾದಿದ್ದೆ. ಆಡಲಿಲ್ಲ.

ಹುಡುಗ ಅಲ್ಲಿಂದ ಓಡಿ ಪಟ್ಟಣ ಸೇರಿದ. ಓಡಿದವನ ಪಾಸ್‌ಪೋರ್ಟ್ ಯಜಮಾನನ ಬಳಿಯೇ ಉಳಿಯುತ್ತದೆ. ಆ ವರ್ಷ ಸೌದಿ ಸರಕಾರ ದಾಖಲೆ ಇಲ್ಲದವರಿಗೆ ದಂಡವಿಲ್ಲದೆ ಹೊರಡಲು 2013ರ ನವೆಂಬರ್ 3ರ ತನಕ ಗಡುವು ಕೊಟ್ಟಿದ್ದರಿಂದ, ನಮ್ಮ ರಾಯಭಾರ ಕಚೇರಿಯ ತುರ್ತು ಕಾಗದ ಹಿಡಿದು ಸೆಪ್ಟೆಂಬರಿನಲ್ಲಿ ಮನೆಗೆ ಬಂದ. ಇಲ್ಲದಿದ್ದರೆ ಏನಾಗುತ್ತಿತ್ತೋ ಅಲ್ಲಾಹನೇ ಬಲ್ಲ.

ಏಜೆನ್ಸಿ ಅಷ್ಟರಲ್ಲಿ ಕೊನೆಯುಸಿರು ಎಳೆಯುತ್ತಿತ್ತು. ಕಂಪ್ಯೂಟರ್ ಹುಡುಗ ಬಿಟ್ಟು ಹೋಗಿದ್ದ. ಅವನಿಗೂ ಐದು ತಿಂಗಳ ಬಾಕಿ ಇತ್ತೆಂದು ಆಮೇಲೆ ತಿಳಿಯಿತು. ಇಬ್ಬರೂ ಒಂದೇ ಕೋಣೆಯಲ್ಲಿ ಕೂತು ಒಬ್ಬರನ್ನೊಬ್ಬರು ಹೊಟ್ಟೆಕಿಚ್ಚಿನಿಂದ ನೋಡಿದ್ದೆವು. ಮಾಲೀಕರು ಬಡ್ಡಿ ಸಾಲಕ್ಕೆ ಬಿದ್ದಿದ್ದರು. ಒಂದು ಸಂಜೆ ಆಫೀಸಿನಲ್ಲಿ ನಾವಿಬ್ಬರೇ ಇದ್ದಾಗ, "ನಿಮ್ಮ ಬಾಕಿ ಕೊಡಲಾರೆ" ಎಂದರು. ಮೊದಲ ಸಲ ಯಾರೂ ಇಲ್ಲದಾಗ "ಹಜ್ರತ್" ಎಂದು ಕರೆದರು. ನಾನು ಬಾಕಿ ಕೇಳಲಿಲ್ಲ. ಕಪಾಟಿನಲ್ಲಿದ್ದ ಹದಿನೇಳು ಪಾಸ್‌ಪೋರ್ಟುಗಳನ್ನು ಕೇಳಿದೆ. ಕೊಟ್ಟರು.

ಅವನ್ನು ಚೀಲದಲ್ಲಿಟ್ಟುಕೊಂಡು ಮಾನ್ವಿ, ದೇವದುರ್ಗ ಕಡೆಯ ಬಸ್ಸು ಹತ್ತಿ ಎರಡು ವಾರ ತಿರುಗಿದೆ. ಕೆಲವರು ಹಣ ಎಲ್ಲಿ ಎಂದು ಕೇಳಿದರು. ಒಬ್ಬ ಮುದುಕ ಅಂಗಳದಿಂದ ಒಳಗೆ ಬಿಡಲಿಲ್ಲ. ತಪ್ಪು ಅವನದಲ್ಲ. ಕೊನೆಗೆ ಆ ಹುಡುಗನ ಮನೆಗೂ ಹೋದೆ, ಅವನಿಗೆ ಕೊಡಲು ನನ್ನ ಬಳಿ ಏನೂ ಇಲ್ಲದಿದ್ದರೂ. ಅವನ ತಂದೆ ಕುರಿ ಹೊಡೆದುಕೊಂಡು ಹೋಗಿದ್ದರು. ತಾಯಿ ಮಜ್ಜಿಗೆ ಕೊಟ್ಟರು. ನಾನು ಹೇಳಬೇಕಾದ್ದನ್ನು ಹೇಳಿದೆ: ನನಗೆ ಓದಲು ಬರುತ್ತಿತ್ತು, ಆ ದಿನ ಓದಲಿಲ್ಲ. ಅವನು ಬಹಳ ಹೊತ್ತು ಲೋಟ ನೋಡುತ್ತಿದ್ದ. "ನಮ್ಮಪ್ಪ ಕುರಿ ಕಾದಾನ್ರಿ ಸರ್. ಮಗ ಕಾಯಬಾರ್ದು ಅಂತ ಹೊಲ ಒತ್ತಿ ಇಟ್ಟು ಕಳಿಸಿದ" ಎಂದ. ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ.

ಈಗ ನಾನು ಶಾಲೆಯೊಂದರಲ್ಲಿ ಕಲಿಸುತ್ತೇನೆ. ಅಲ್ಲೂ ಸಂಬಳ ತಡವಾಗುವುದುಂಟು, ನನಗಿಂತ ಚಿಕ್ಕವರ ಮಾತು ಮೇಲಾಗುವುದುಂಟು. ಜುಮಾ ನಮಾಝಿನ ನಂತರ ಜನ ಕಾಗದ ಹಿಡಿದು ಬರುತ್ತಾರೆ, ಓದಿ ಹೇಳುತ್ತೇನೆ. ಏಜೆಂಟರ ಹೆಸರು ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಇದೆಯೇ ನೋಡಿ ಎನ್ನುತ್ತೇನೆ. ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಕೇಳುವಂತಿಲ್ಲ, ಕೊಟ್ಟದ್ದಕ್ಕೆ ರಸೀದಿ ಪಡೆಯಿರಿ. ಹತ್ತನೆಯ ತರಗತಿ ಪಾಸಾಗದವರು ಸೌದಿಯಂಥ ದೇಶಗಳಿಗೆ ಕೆಲಸಕ್ಕೆ ಹೋಗಲು ವಲಸೆ ಅನುಮತಿ ಬೇಕು, ವಿಸಿಟ್ ವೀಸಾದಲ್ಲಿ ಕಳಿಸುತ್ತೇವೆ ಎಂದರೆ ಎದ್ದು ಬನ್ನಿ. ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಎರಡು ವರ್ಷಕ್ಕೆ 275 ರೂಪಾಯಿ ಮತ್ತು ತೆರಿಗೆ ಕಟ್ಟಿದರೆ, ಅಪಘಾತದಲ್ಲಿ ಸಾವು ಸಂಭವಿಸಿದರೆ 10 ಲಕ್ಷದ ವಿಮೆ ಇದೆ. ಎಲ್ಲಕ್ಕಿಂತ ಮೊದಲು ವೀಸಾದ ಮೇಲಿನ ಉದ್ಯೋಗದ ಹೆಸರನ್ನು ಅರಬಿ ಬಲ್ಲ ಯಾರಿಂದಾದರೂ ಓದಿಸಿಕೊಳ್ಳಿ.

ಕಳೆದ ವಾರ ಮಾನ್ವಿಯಿಂದ ಇಬ್ಬರು ಬಂದಿದ್ದರು. ಮೊಬೈಲಿನಲ್ಲಿ ವೀಸಾದ ಫೋಟೊ ತೋರಿಸಿದರು. ಉದ್ಯೋಗದ ಸಾಲು ಇರುವಲ್ಲೇ ಚಿತ್ರ ಮಸುಕಾಗಿತ್ತು. ಹಿಂದೆ ಮುಂದೆ ಮಾಡಿ ನೋಡಿದೆ, ಆಗಲಿಲ್ಲ. ಅಸಲು ಪ್ರತಿ ತರದೆ ನಾನು ಏನೂ ಹೇಳಲಾರೆ ಎಂದೆ. ಭಾನುವಾರ ತರುತ್ತೇವೆ ಎಂದು ಹೋಗಿದ್ದಾರೆ.